ಏಳನೆಯ ಹೆಸರು

"ಮೇಡಂ, ಇದ್ರಲ್ಲಿ ನಿಮ್ ಹೆಸ್ರೇ ಇಲ್ವಲ್ಲ?"

ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದ ಟೆಕ್ನಿಷಿಯನ್ ರಾಮಾಂಜಿನಪ್ಪ ಬಣ್ಣ ಹತ್ತಿದ ಬೆರಳನ್ನು ಅಚ್ಚಾದ ಲೇಖಕರ ಹೆಸರುಗಳ ಮೇಲೆ ಎರಡು ಸಲ ಓಡಿಸಿ ಕೇಳಿದ. ಆಗತಾನೇ ಟಪಾಲಿನಲ್ಲಿ ಬಂದಿದ್ದ ವೈದ್ಯಕೀಯ ಪತ್ರಿಕೆ ಅದು. ಡಾಕ್ಟರ್ ಗುರುದೇವಿ ಚಹಾದ ಲೋಟ ಕೆಳಗಿಟ್ಟು ಪತ್ರಿಕೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು. ವಿಭಾಗದ ಮುಖ್ಯಸ್ಥ ಡಾಕ್ಟರ್ ಶ್ರೀನಿವಾಸ್ ಅವರ ಹೆಸರು ಮೊದಲಿತ್ತು. ಆಮೇಲೆ ಪ್ರಿನ್ಸಿಪಾಲರು, ಸರ್ಜರಿಯ ಇಬ್ಬರು, ಕಿವಿ ಮೂಗು ಗಂಟಲಿನವರೊಬ್ಬರು, ಕೊನೆಗೆ ಕಿರಿಯ ಸಹೋದ್ಯೋಗಿ ಕೇದಾರ್. ಅಷ್ಟೇ, ಆರು. ಲೇಖನದ ಜೊತೆ ಅವಳು ಕಳಿಸಿದ್ದು ಏಳು.

ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಕಡೆಯಿಂದ ಕುತ್ತಿಗೆಯಲ್ಲಿ ಗಂಟು ಎಂದು ಬಂದ ನಾನೂರ ಹನ್ನೆರಡು ಜನರಿಗೆ ಸೂಜಿ ಹಾಕಿ, ಬಂದದ್ದನ್ನು ಗಾಜಿನ ಮೇಲೆ ಹರಡಿ, ಕ್ಷಯವೋ ಕ್ಯಾನ್ಸರೋ ಎಂದು ನೋಡಿ ಬರೆದವಳು ಗುರುದೇವಿ. ಅದಕ್ಕೆ ನಾಲ್ಕು ವರ್ಷ ಹಿಡಿದಿತ್ತು. ಉಳಿದವರು ಏನೂ ಮಾಡಲಿಲ್ಲ ಎಂದರೆ ತಪ್ಪಾದೀತು. ಸರ್ಜರಿಯವರು ರೋಗಿಗಳನ್ನು ಕಳಿಸಿದ್ದರು, ಕೇದಾರ್ ತನ್ನ ಕಂಪ್ಯೂಟರಿನಲ್ಲಿ ಕೋಷ್ಟಕ ಮಾಡಿಕೊಟ್ಟಿದ್ದ, ಪ್ರಿನ್ಸಿಪಾಲರು ಪ್ರಿನ್ಸಿಪಾಲರಾಗಿದ್ದರು. ಬರುವ ಗುರುವಾರ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಸಂದರ್ಶನ. ಇದ್ದದ್ದು ಒಂದೇ ಹುದ್ದೆ. ಅದಕ್ಕೆ ಎರಡು ಪ್ರಕಟಿತ ಲೇಖನ ಇರಲೇಬೇಕೆಂಬುದು ಕಾಲೇಜಿನ ನಿಯಮ. ಗುರುದೇವಿಯ ಹತ್ತಿರ ಒಂದಿತ್ತು, ಇದು ಎರಡನೆಯದು.

ಗುರುದೇವಿ ಕೋಣೆಗೆ ಹೋಗಿ ಪತ್ರಿಕೆ ತೋರಿಸಿದಾಗ ಶ್ರೀನಿವಾಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಯ್ಯೋ, ಏನ್ಮಾಡೋದಮ್ಮ. ಒಂದೇ ಕಾಲೇಜಿನ ಪೇಪರ್‌ಗೆ ಆರಕ್ಕಿಂತ ಜಾಸ್ತಿ ಹೆಸ್ರು ಹಾಕಲ್ಲ ಅಂತ ಪತ್ರಿಕೆಯವ್ರು ಕಾಗದ ಬರೆದ್ರು. ನೀನು ರಜದಲ್ಲಿದ್ದೆ. ಕೊನೇದು ತೆಗೆದು ಕಳ್ಸಪ್ಪ ಅಂತ ಟೈಪಿಸ್ಟ್‌ಗೆ ಹೇಳ್ಬಿಟ್ಟೆ. ಕೊನೇಲಿರೋದು ನೀನು ಅಂತ ನಂಗೇನ್ ಗೊತ್ತು? ಅಲ್ಲ, ಕೊನೇಲಿ ಹಾಕ್ಕೋ ಅಂತ ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಿದ್ದಿಲ್ರಿ ಸರ್."

"ಮತ್ತೆ?"

ಗುರುದೇವಿ ತಿದ್ದುಪಡಿ ಹಾಕಿಸಬಹುದಲ್ಲ ಎಂದು ಕೇಳಿದಳು. ಶ್ರೀನಿವಾಸ್ ಕೆಟ್ಟವರಲ್ಲ, ಅವಳೆದುರಿಗೇ ಪತ್ರಿಕೆಯ ಕಚೇರಿಗೆ ಎಸ್‌ಟಿಡಿ ಫೋನ್ ಮಾಡಿದರು. ಹೆಸರು ಸೇರಿಸಬಹುದಂತೆ. ಆದರೆ ಆರು ಆರೇ ಆಗಿರಬೇಕು. ಒಬ್ಬರು ತಾವಾಗಿ ಬಿಟ್ಟುಕೊಟ್ಟು ಸಹಿ ಹಾಕಬೇಕು.

"ಪ್ರಿನ್ಸಿಪಾಲ್ ಹತ್ರ ಹೋಗಿ ನೀವು ಬಿಡಿ ಸಾರ್ ಅನ್ನಕ್ಕಾಗತ್ತಾ? ಯಾವ್ ಪೇಪರ್ರು ಅಂತಾರೆ ಅವ್ರು. ಕೇದಾರ್‌ನ ಕೇಳಿ ನೋಡು."

ಕೇದಾರ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ. ವಿಷಯ ಅವನಿಗೆ ಆಗಲೇ ತಿಳಿದಿತ್ತು. "ಮೇಡಂ, ನಂಗೂ ಇದು ಎರಡ್ನೇ ಪೇಪರ್ರು. ಆ ಪೋಸ್ಟಿಗೆ ಹಾಕಿರೋ ಅರ್ಜಿಲಿ ಬರೆದುಬಿಟ್ಟಿದೀನಿ," ಎಂದವನು ಸ್ಲೈಡನ್ನು ತೆಗೆದು ಪಕ್ಕಕ್ಕಿಟ್ಟು, "ನೀವು ಹೇಳಿದ್ರೆ ಬಿಡ್ತೀನಿ," ಎಂದ. ಹಾಗೆನ್ನುವಾಗ ಅವನ ಕಣ್ಣು ತುಂಬಿತ್ತು. ಬಿಟ್ಟುಕೊಡು ಎಂದು ಗುರುದೇವಿ ಅಂದುಬಿಡಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಇರ್ಲಿ ಬಿಡ್ರಿ, ನೋಡೂಣು," ಎಂದು ಹೊರಗೆ ಬಂದು, ಯಾರೂ ಇಲ್ಲದ ಮೆಟ್ಟಿಲ ಮೇಲೆ ನಿಂತು ತನ್ನನ್ನೇ ಬೈದುಕೊಂಡಳು.

ಕಲ್ಯಾಣ ನಗರದ ಮನೆಯಲ್ಲಿ ಗಂಡ ಶೇಖರಪ್ಪ ಊಟಕ್ಕೆ ಕೂತವನು ರೊಟ್ಟಿ ಮುರಿಯುವುದನ್ನೇ ಮರೆತ. "ಅಲ್ಲ, ನಿನ್ನ ಹೆಸರು ನೀನ ಕಡೀಕ ಯಾಕ ಹಾಕಿದಿ?"

"ಲಗ್ನಪತ್ರಿಕಿಯೊಳಗ ಹಿರ್ಯಾರ ಹೆಸರು ಮೊದ್ಲ ಹಾಕೂದಿಲ್ಲೇನು? ಬರದಾಕಿ ನಾನ. ನನ್ನ ಹೆಸರು ನಾನ ಮುಂದ ಬರ್ಕೊಳ್ಳಿಕ್ಕೆ ಕೈ ಬರಲಿಲ್ಲ."

ಶೇಖರಪ್ಪ ಪಲ್ಯವನ್ನು ಅವಳ ತಟ್ಟೆಯ ಕಡೆ ಸರಿಸಿದ.

ಗುರುವಾರದ ಸಂದರ್ಶನ ಹತ್ತು ನಿಮಿಷದಲ್ಲಿ ಮುಗಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಫೈಲು ತಿರುವಿ, "ಎರಡನೇ ಲೇಖನ?" ಎಂದರು. ಶ್ರೀನಿವಾಸ್ ಗಂಟಲು ಸರಿಮಾಡಿಕೊಂಡು, "ಈ ಕುತ್ತಿಗೆ ಗಂಟಿನ ಸ್ಟಡಿ ಪೂರ್ತಿ ಇವಳ್ದೇ ಸಾರ್," ಎಂದರು. ನಿಜವಾಗಿಯೂ ಎಲ್ಲರೆದುರಿಗೆ ಅಂದರು. ಪರೀಕ್ಷಕರು ಪತ್ರಿಕೆಯನ್ನು ತಿರುಗಿಸಿ ನೋಡಿದರು. "ಇರಬಹುದು ಡಾಕ್ಟ್ರೇ. ಆದ್ರೆ ಇಲ್ಲಿ ಹೆಸರಿಲ್ವಲ್ಲ." ಅದರಲ್ಲಿ ವಾದ ಮಾಡುವುದಕ್ಕೆ ಏನೂ ಇರಲಿಲ್ಲ. ಹುದ್ದೆ ಕೇದಾರ್‌ಗೆ ಹೋಯಿತು. ಅವನು ಮಸೀದಿ ರಸ್ತೆಯಿಂದ ಸಮೋಸ ತರಿಸಿ ಇಡೀ ವಿಭಾಗಕ್ಕೆ ಹಂಚಿದ. ಗುರುದೇವಿಗೆ ಕೊಡಲು ತಾನೇ ಬಂದು, ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದ.

ಎರಡು ತಿಂಗಳು ಕಳೆದ ಮೇಲೆ ಶ್ರೀನಿವಾಸ್ ಅವಳನ್ನು ಕರೆಸಿ ಒಂದು ಕಾಗದ ಕೊಟ್ಟರು. ವೆಲ್ಲೂರಿನ ಕಡೆಯ ಯಾರೋ ಓದುಗರು ಸಂಪಾದಕರಿಗೆ ಬರೆದದ್ದು. ಮೊದಲು ಕ್ಯಾನ್ಸರ್ ಎಂದು ಅನುಮಾನಿಸಿ ಆಮೇಲೆ ಕ್ಷಯ ಎಂದು ತೀರ್ಮಾನಿಸಿದ ಒಂಬತ್ತು ಜನರ ವಿಚಾರದಲ್ಲಿ ಲೇಖಕರು ಅಷ್ಟು ಖಚಿತವಾಗಿದ್ದದ್ದು ಹೇಗೆ, ಎಂಬುದು ಪ್ರಶ್ನೆ.

"ಲೇಖಕರೇ ಉತ್ತರ ಕೊಡ್ಬೇಕಂತೆ. ನಮಗ್ಯಾರಿಗಮ್ಮ ಗೊತ್ತು ಇದೆಲ್ಲ? ನೀನೇ ಬರೆದುಕೊಟ್ಬಿಡು, ಕಳಿಸೋಣ."

ಬರೆಯುವುದಿಲ್ಲ ಎನ್ನಬಹುದಿತ್ತು. ಆದರೆ ಪ್ರಶ್ನೆ ಒಳ್ಳೆಯದಾಗಿತ್ತು. ಉತ್ತರ ಅವಳೊಬ್ಬಳಿಗೇ ಗೊತ್ತಿತ್ತು. ರಾಮಾಂಜಿನಪ್ಪ ಹಳೆಯ ಪೆಟ್ಟಿಗೆಗಳಿಂದ ಒಂಬತ್ತು ಸ್ಲೈಡುಗಳನ್ನು ಹುಡುಕಿಕೊಟ್ಟ. ಅವುಗಳಲ್ಲಿ ಶಿವಾಜಿನಗರದ ಬಿಲ್ಕೀಸ್ ಎಂಬ ಮುದುಕಿಯದೂ ಒಂದು. ಕ್ಯಾನ್ಸರ್ ಅಲ್ಲ ಎಂದು ಕೇಳಿದ ದಿನ ಆಕೆ ಗುರುದೇವಿಯ ಎರಡೂ ಕೈಗಳನ್ನು ಬಹಳ ಹೊತ್ತು ಬಿಟ್ಟಿರಲಿಲ್ಲ. ಒಂದೊಂದನ್ನೂ ಮತ್ತೆ ನೋಡಿ, ಎಲ್ಲಿ ಅನುಮಾನ ಬಂತು, ಯಾವುದರಿಂದ ಹೋಯಿತು ಎಂದು ಗುರುದೇವಿ ಒಂದೂವರೆ ಪುಟದಲ್ಲಿ ಬರೆದಳು. ಚೆನ್ನಾಗಿ ಬಂದಿದೆ ಅನ್ನಿಸಿತು. ಆ ಖುಷಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಉತ್ತರದ ಕೆಳಗೆ ಲೇಖಕರ ಹೆಸರು, ಹುದ್ದೆ ಬರಬೇಕಿತ್ತು. ಕಂಪ್ಯೂಟರಿನಲ್ಲಿದ್ದ ಹಳೆಯ ಫೈಲಿನಿಂದ ಆ ಆರನ್ನೂ ಎತ್ತಿ ತಂದು ಅಂಟಿಸಿ, ಕಾಗುಣಿತ ಸರಿಯಿದೆಯೇ ಎಂದು ಒಂದೊಂದಾಗಿ ನೋಡುತ್ತ ಇಳಿದಳು. ಕೊನೆಯದರಲ್ಲಿ ಕೈ ನಿಂತಿತು. ಕೇದಾರ್‌ನ ಹೆಸರಿನ ಮುಂದೆ ಇನ್ನೂ ಅಸಿಸ್ಟೆಂಟ್ ಪ್ರೊಫೆಸರ್ ಎಂದೇ ಇತ್ತು. ಅವಳು ಅದನ್ನು ಅಳಿಸಿ, ಅಸೋಸಿಯೇಟ್ ಎಂದು ತಿದ್ದಿದಳು.