ಕೊಕ್ಕರೆಯ ಹಿಂದಿನ ಕೆಂಪು ಕೊಡೆ

ಕೊಕ್ಕರೆಗೆ ತುಟಿ ಇಲ್ಲ. ನನ್ನ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ. ಬೇರೆ ಭಾಷೆಯ ಸಿನಿಮಾಗಳಿಗೆ ನಮ್ಮ ಭಾಷೆಯಲ್ಲಿ ಡಬ್ಬಿಂಗ್ ಮಾತು ಬರೆಯುವವನು ನಾನು. ಪಾತ್ರ ತುಟಿ ಮುಚ್ಚಿದ ಕಡೆ ‘ಪ’ವೋ ‘ಮ’ವೋ ಬೀಳಬೇಕು, ಬಾಯಿ ಬಿಟ್ಟ ಕಡೆ ‘ಆ’ ಬೀಳಬೇಕು, ಇಷ್ಟರ ನಡುವೆ ಅರ್ಥವನ್ನೂ ತುರುಕಬೇಕು. ಕೊಕ್ಕಾದರೆ ತೆರೆಯುತ್ತದೆ, ಮುಚ್ಚುತ್ತದೆ, ಅಷ್ಟೆ. ಏನು ಬರೆದರೂ ಕೂರುತ್ತದೆ. ಹಾಗಾಗಿ ಆ ಸಿನಿಮಾದಲ್ಲಿ ಒಂದು ಮುದಿ ಕೊಕ್ಕರೆ ಇದೆ ಎಂದು ತಿಳಿದ ಕೂಡಲೇ ನನ್ನ ಕೈ ತುರಿಸತೊಡಗಿತು.

ಮಕ್ಕಳಿಗೆ ರಜೆ ಬಿದ್ದಾಗ ಬಿಡುಗಡೆಯಾಗುವ ಕಾರ್ಟೂನ್ ಸಿನಿಮಾ ಅದು. ಹಾಸ್ಟೆಲಿನಲ್ಲಿ ಓದುವ ಮುಳ್ಳುಹಂದಿ ಮರಿಯೊಂದು ರಜೆಗೆ ಮನೆಗೆ ಹೋಗಲು ದೋಣಿ ಹತ್ತುತ್ತದೆ. ನಿದ್ದೆ ಹೋಗಿ, ಇಳಿಯಬೇಕಾದ ಕಟ್ಟೆ ದಾಟಿಬಿಡುತ್ತದೆ. ತನ್ನ ಕಟ್ಟೆ ಯಾವುದೆಂದು ಅದಕ್ಕೆ ನೆನಪಾಗುವುದಿಲ್ಲ. ಟಿಕೆಟ್ ಕೊಡುವ ಮುದಿ ಕೊಕ್ಕರೆ ಪ್ರತಿ ಕಟ್ಟೆಯಲ್ಲೂ ದೋಣಿ ನಿಲ್ಲಿಸಿ ಮರಿಯನ್ನು ಕೇಳುತ್ತದೆ: “ನಿನ್ನನ್ನ ಕರ್ಕೊಂಡು ಹೋಗೋಕೆ ಯಾರಾದ್ರೂ ಬಂದಿದ್ದಾರಾ?”

ಮೂಲದಲ್ಲಿ ಪ್ರತಿ ಕಟ್ಟೆಯಲ್ಲೂ ಇದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನನಗೆ ಮೈ ಉರಿಯಿತು. ಬರೆದವನಿಗೆ ಬೇರೆ ಮಾತು ಹೊಳೆಯದೆ ಹಳೆಯದನ್ನೇ ಮತ್ತೆ ಮತ್ತೆ ಅಂಟಿಸಿದ್ದಾನೆ ಎಂದುಕೊಂಡೆ. ಎಲ್ಲ ಕಡೆಯೂ ಅದನ್ನು ಹೊಡೆದುಹಾಕಿ ನನ್ನದೇ ಮಾತು ಬರೆದೆ. ಒಂದು ಕಟ್ಟೆಯಲ್ಲಿ ಕೊಕ್ಕರೆ, “ಏನಯ್ಯಾ, ಮೈತುಂಬ ಸೂಜಿ ಇಟ್ಕೊಂಡಿದ್ದೀಯ, ಒಂದು ಗುಂಡಿ ಹೊಲಿಯೋಕೆ ಬರುತ್ತಾ?” ಎನ್ನುತ್ತದೆ. ಇನ್ನೊಂದರಲ್ಲಿ, “ನಿನ್ನನ್ನ ಅಪ್ಕೊಳ್ಳೋಕೆ ಯಾರಿಗಪ್ಪಾ ಧೈರ್ಯ?” ಕೊನೆಯ ಕಟ್ಟೆಯಲ್ಲಿ, “ನಿಮ್ಮಪ್ಪ ಬರ್ತಾನೋ, ಇಲ್ಲಾ ನಾನೇ ನಿನ್ನ ಸಾಕ್ಕೊಳ್ಳಲೋ?”

ಡಬ್ಬಿಂಗ್ ಡೈರೆಕ್ಟರ್ ಒಮ್ಮೆ ತಲೆ ಕೆರೆದುಕೊಂಡ. “ಒಂದೇ ಮಾತು ಬೇಕಂತಲೇ ಇಟ್ಟಿದ್ರೆ? ಮೂಲ ಕಂಪನಿಯವರನ್ನ ಒಂದ್ಸಲ ಕೇಳೋಣ್ವಾ?”

“ಕೇಳ್ಕೊಂಡು ಕೂತ್ರೆ ರಜೆ ಮುಗಿದುಹೋಗುತ್ತೆ,” ಎಂದೆ. ಅವನು ಮುಂದಿನ ತುಂಡು ಹಾಕಿದ.

ಅವನಾಗಲಿ ನಾನಾಗಲಿ ಆ ಸಿನಿಮಾವನ್ನು ಆಗ ಸರಿಯಾಗಿ ನೋಡಿರಲಿಲ್ಲ. ದೊಡ್ಡ ಕಂಪನಿಗಳು ಕಳ್ಳ ನಕಲಿನ ಹೆದರಿಕೆಗೆ ನಮಗೆ ಪೂರ್ತಿ ಚಿತ್ರ ಕಳಿಸುವುದಿಲ್ಲ. ಪರದೆಯೆಲ್ಲ ಕಪ್ಪಾಗಿರುತ್ತದೆ. ಮಾತಾಡುವವರ ಬಾಯಿಯ ಸುತ್ತ ಮಾತ್ರ ಒಂದು ಪುಟ್ಟ ಬೆಳಕಿನ ವೃತ್ತ. ಅದೂ ತುಂಡು ತುಂಡಾಗಿ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೂ ಮಗಳಿಗೂ ಇದನ್ನೇ ಹೇಳಿದ್ದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಕಣ್ಣಿಗೆ ಹಿಡಿದು, “ನನಗೆ ಪ್ರಪಂಚ ಕಾಣೋದು ಇಷ್ಟೇ, ಒಂದು ಕೊಕ್ಕು!” ಎಂದು ನಗಿಸಿದ್ದೆ. ಆಮೇಲೆ ನಾನು ಅದನ್ನು ಮರೆತೇಬಿಟ್ಟೆ.

ಸಿನಿಮಾ ಬಿಡುಗಡೆಯಾಯಿತು. ಮನೆಯವರನ್ನೆಲ್ಲ ಕರೆದುಕೊಂಡು ಹೋದೆ. ಕೊಕ್ಕರೆ ಕೊಕ್ಕು ತೆರೆದಾಗಲೆಲ್ಲ ಮಕ್ಕಳು ಸೀಟಿನ ಮೇಲೆ ಕುಣಿದರು. ಹೆಂಡತಿ ನನ್ನ ಮೊಣಕೈ ಹಿಡಿದು ನಕ್ಕಳು. ನನಗೆ ಕೋಡು ಮೂಡಿತ್ತು. ಆಗ ಕೊಕ್ಕರೆಯ ಭುಜದ ಹಿಂದೆ, ದೂರದ ದಡದಲ್ಲಿ, ಸಾಸಿವೆಯಷ್ಟು ಕೆಂಪು ಕಾಣಿಸಿತು. ಮುಂದಿನ ಕಟ್ಟೆಯಲ್ಲಿ ಅದೇ ಜಾಗದಲ್ಲಿ ಅದು ಬೆರಳಿನಷ್ಟಾಯಿತು. ಅದೊಂದು ಕೆಂಪು ಕೊಡೆ. ಮರಿಯ ಅಪ್ಪ ಕೊಡೆ ಹಿಡಿದು, ದೋಣಿಯ ಹಿಂದೆ ದಡದುದ್ದಕ್ಕೂ ಓಡಿ ಬರುತ್ತಿದ್ದಾನೆ. ಪ್ರತಿ ಕಟ್ಟೆಗೂ ಸ್ವಲ್ಪ ತಡವಾಗಿ ತಲುಪುತ್ತಿದ್ದಾನೆ. ಮೂಲದಲ್ಲಿ, ಯಾರಾದರೂ ಬಂದಿದ್ದಾರಾ ಎಂದು ಕೊಕ್ಕರೆ ಕೇಳುವ ಹೊತ್ತಿಗೇ ಅದರ ಬೆನ್ನ ಹಿಂದೆ ಆ ಕೊಡೆ ಕಾಣುತ್ತದೆ. ಕೊನೆಯ ಕಟ್ಟೆಯಲ್ಲಿ ಅದು ಪರದೆಯನ್ನೇ ತುಂಬುತ್ತದೆ. ಅಲ್ಲಿ ಕೂತ ಒಂದೊಂದು ಮಗುವೂ ಎದ್ದು ನಿಂತು “ಬಂದಿದ್ದಾರೆ! ಹಿಂದೆ ನೋಡು!” ಎಂದು ಕಿರುಚಬೇಕಿತ್ತು. ಇಡೀ ಸಿನಿಮಾ ಕಟ್ಟಿದ್ದೇ ಆ ಕಿರುಚಾಟಕ್ಕಾಗಿ.

ನಮ್ಮ ಮಕ್ಕಳು ಯಾರೂ ಕಿರುಚಲಿಲ್ಲ. ಎಲ್ಲರೂ ನನ್ನ ಜೋಕಿಗೆ ನಗುತ್ತ ಕೊಕ್ಕನ್ನೇ ನೋಡುತ್ತಿದ್ದರು. ಕೊಡೆಯನ್ನು ನೋಡುತ್ತ ಕೂತವನು ನಾನೊಬ್ಬನೇ. ದೀಪ ಹತ್ತಿದಾಗ ಹೆಂಡತಿ, “ಯಾಕ್ರೀ ಮುಖ ಹಾಗೆ ಮಾಡ್ಕೊಂಡಿದ್ದೀರಾ?” ಎಂದಳು. ಎ.ಸಿ. ಜಾಸ್ತಿಯಾಯಿತು ಎಂದೆ.

ಆಮೇಲೆ ಬಂದದ್ದೆಲ್ಲ ಹೊಗಳಿಕೆ. ಬೀದಿಯಲ್ಲಿ ಮಕ್ಕಳು “ಗುಂಡಿ ಹೊಲಿಯೋಕೆ ಬರುತ್ತಾ” ಎಂದು ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. ಸ್ಟುಡಿಯೋದವರು ಬೆನ್ನು ತಟ್ಟಿದರು. ನಾನೂ ಹಲ್ಲು ಕಿರಿದೆ. ಯಾರೂ ನೋಡದ ತಪ್ಪು ತಪ್ಪೇ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನೋಡಿದವಳು ನನ್ನ ಮಗಳು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಕಾಲೇಜಿನಲ್ಲಿ ಸಿನಿಮಾದ ಬಗ್ಗೆ ಓದುತ್ತಾಳೆ. ಒಂದು ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು.

“ಅಪ್ಪ, ಸೆಮಿನಾರಿಗೆ ನಿನ್ನ ಕೊಕ್ಕರೆ ಸಿನಿಮಾನೇ ತಗೊಂಡಿದ್ದೀನಿ. ಮತ್ತೆ ಮತ್ತೆ ಬರೋ ಚಿತ್ರಗಳು, ಅದರ ಸಂಕೇತ, ಅದೇ ವಿಷಯ. ಇಲ್ಲಿ ನೋಡು, ಕೆಂಪು ಕೊಡೆ. ಪ್ರತಿ ಕಟ್ಟೇಲೂ ಹತ್ತಿರ ಬರುತ್ತೆ. ಅದರ ಜೊತೆ ಕೊಕ್ಕರೆ ಮಾತೂ ಬದಲಾಗುತ್ತೆ. ಮೊದಲು ಬರೀ ಗೇಲಿ. ಆಮೇಲೆ ಅಪ್ಕೊಳ್ಳೋ ಮಾತು. ಕೊನೆಗೆ ಸಾಕ್ಕೊಳ್ಳಲಾ ಅಂತ ಕೇಳುತ್ತೆ. ದಡದಲ್ಲಿ ಒಬ್ಬ ಅಪ್ಪ ಹತ್ತಿರ ಬರ್ತಿದ್ರೆ, ದೋಣಿ ಒಳಗೆ ಇನ್ನೊಬ್ಬ ಅಪ್ಪ ಹುಟ್ತಿದ್ದಾನೆ. ಎಷ್ಟು ಚೆನ್ನಾಗಿದೆ ಅಲ್ವಾ?”

ಚೆನ್ನಾಗಿಯೇ ಇತ್ತು. ನಾನು ಬಾಯಿಗೆ ಬಂದದ್ದನ್ನು ಬರೆದಿದ್ದೆ. ಗುಂಡಿಯ ಜೋಕು ಮೊದಲ ಕಟ್ಟೆಗೆ ಬಿದ್ದದ್ದು, ಅದು ಹೊಳೆದಾಗ ಕೈಯಲ್ಲಿ ಆ ತುಂಡು ಇತ್ತು ಎಂಬ ಕಾರಣಕ್ಕೆ. ಹೆತ್ತ ಮಗಳು ನನ್ನ ಬೇಜವಾಬ್ದಾರಿಯೊಳಗೆ ಕೈಹಾಕಿ ಇಷ್ಟು ದೊಡ್ಡ ಅರ್ಥ ಎಳೆದು ತಂದಿದ್ದಾಳೆ. ಆಗಲೇ ಹೇಳಬಹುದಿತ್ತು, “ಗುಬ್ಬಿ, ಮೂಲದಲ್ಲಿ ಹೀಗಿಲ್ಲಮ್ಮ” ಎಂದು. ಅವಳ ಕಣ್ಣಲ್ಲಿ ನಾನು ಅಷ್ಟು ದೊಡ್ಡವನಾಗಿ ಕಂಡದ್ದು ಹಿಂದೆ ಪುಟ್ಟ ಮಗುವಾಗಿದ್ದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾಗ ಮಾತ್ರ.

“ಭೇಷ್,” ಎಂದೆ. “ಚೆನ್ನಾಗಿ ಹಿಡಿದಿದ್ದೀಯ.”

ಕೆಲವು ದಿನ ಅವಳು ಅದರಲ್ಲೇ ಮುಳುಗಿದ್ದಳು. ನಡುವೆ ಒಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ಏನೋ ನೋಡುತ್ತಿದ್ದಳು. ಹೊರಗೆ ಬಂದಾಗ ಸ್ವಲ್ಪ ಮಂಕಾಗಿದ್ದಳು. ಮರುದಿನ ಮತ್ತೆ ಗೆಲುವಾದಳು. “ಅಪ್ಪ, ಸೆಮಿನಾರಿಗೆ ನೀನೂ ಬರಬೇಕು. ಮನೆಯವರು ಬರಬಹುದು ಅಂದಿದ್ದಾರೆ. ಸಾರ್ ನಿನ್ನನ್ನೂ ಒಂದೆರಡು ಮಾತು ಕೇಳ್ತಾರೆ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಸಾಕು.”

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಯಾವುದಿದೆ ಎಂದು ಯೋಚಿಸುತ್ತಿದ್ದೆ.

ತರಗತಿಯ ಕಿಟಕಿಗಳಿಗೆ ಕಪ್ಪು ಪರದೆ ಎಳೆದಿದ್ದರು. ಹುಡುಗ ಹುಡುಗಿಯರ ಹಿಂದೆ ಅಪ್ಪ ಅಮ್ಮಂದಿರಿಗೆಂದು ಕುರ್ಚಿ ಹಾಕಿದ್ದರು. ಗುಬ್ಬಿ ನಿಂತು ಮಾತಾಡಿದಳು. ದೋಣಿ ಎಂದರೆ ಹಾಸ್ಟೆಲು ಮತ್ತು ಮನೆಯ ನಡುವೆ ಮಗು ಸಿಕ್ಕಿಕೊಂಡ ಜಾಗ ಎಂದಳು. ಮರಿಯ ಮುಳ್ಳು ಹೆದರಿದಾಗ ನಿಲ್ಲುವುದನ್ನೂ, ಅಪ್ಪನ ಕೊಡೆಯ ಕೆಳಗೆ ಬಂದಾಗ ಮಲಗುವುದನ್ನೂ ತೋರಿಸಿದಳು. ಕೊಡೆ ಕಾಣುವ ಜಾಗಗಳನ್ನು ಒಂದಾದ ಮೇಲೊಂದು ನಿಲ್ಲಿಸಿ, ಅದು ಬೆಳೆಯುವುದನ್ನು ತೋರಿಸಿದಳು. ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಆಮೇಲೆ ಕೊಕ್ಕರೆಯ ಮಾತುಗಳನ್ನು ಹಾಕಿ, “ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತೆ,” ಎಂದು ನಿಲ್ಲಿಸಿದಳು. ಮೇಷ್ಟ್ರ ಕಡೆ ನೋಡಿದಳು.

ಮೇಷ್ಟ್ರು ಎದ್ದು ನನ್ನ ಕಡೆ ತಿರುಗಿದರು. “ಈ ಮಾತುಗಳನ್ನ ಬರೆದವರೇ ಇಲ್ಲಿ ಕೂತಿದ್ದಾರೆ. ಸಾರ್, ಕೊಕ್ಕರೆ ಮಾತು ಮೂಲದಲ್ಲೂ ಹೀಗೇ ಇತ್ತಾ? ನೀವು ಬರೆಯುವಾಗ ನಿಮಗೆ ಚಿತ್ರ ಹೇಗೆ ಕಾಣಿಸ್ತಿತ್ತು? ನಮ್ಮ ಹುಡುಗರಿಗೆ ಸ್ವಲ್ಪ ಹೇಳ್ತೀರಾ?”

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಗುಬ್ಬಿ ನಗುತ್ತಿದ್ದಳು. ಅದು ಧೈರ್ಯ ಕೊಡುವ ನಗು ಎಂದು ಈಗ ಗೊತ್ತು. ಆಗ ನನಗೆ ಅದು ಹೆಮ್ಮೆಯ ನಗುವಾಗಿ ಕಂಡಿತು. ಆ ನಗು ಆರಿಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಎದ್ದು ನಿಂತೆ. ಮೊದಲ ಸಾಲು ಸುಳ್ಳಾದ ಮೇಲೆ ಉಳಿದದ್ದು ತಾನಾಗಿಯೇ ಬಂತು.

“ಹೌದು, ಮೂಲದಲ್ಲೂ ಹೀಗೇ ಇತ್ತು. ಕೊಕ್ಕರೆ ಮಾತು ಹಂತ ಹಂತವಾಗಿ ಬದಲಾಗುತ್ತೆ. ಅನುವಾದ ಮಾಡುವವನು ಬರೀ ಮಾತು ನೋಡಿದ್ರೆ ಸಾಲದು, ಚಿತ್ರದ ಮೂಲೆ ಮೂಲೆ ನೋಡಬೇಕು. ಆ ಕೊಡೆ ಇದೆಯಲ್ಲ, ನಾನು ಪ್ರತಿ ಸಲ ಅದನ್ನೇ ನೋಡ್ತಾ, ಅದು ಎಷ್ಟು ಹತ್ತಿರ ಬಂತು ಅಂತ ಅಳೆದು, ಆಮೇಲೆ ಕೊಕ್ಕರೆ ಬಾಯಿಗೆ ಮಾತು ಕೊಟ್ಟೆ.”

ಮೇಷ್ಟ್ರ ಹುಬ್ಬು ಒಂದಿಷ್ಟು ಮೇಲೇರಿತು. ಅವರು ಗುಬ್ಬಿಯನ್ನು ನೋಡಿದರು. ಅವಳ ಬೆರಳು ಲ್ಯಾಪ್‌ಟಾಪಿನ ಕೀ ಮೇಲಿತ್ತು. ಒತ್ತಿಬಿಟ್ಟಿದ್ದಳೋ ಏನೋ, ಒಂದು ಕ್ಷಣ ಪರದೆಯ ಮೇಲೆ ಮುಂದಿನ ಚಿತ್ರ ಬಂತು. ಎಡಕ್ಕೆ ಕೊಕ್ಕರೆ, ಅದರ ಹಿಂದೆ ಕೆಂಪು ಕೊಡೆ. ಬಲಕ್ಕೆ ಅದೇ ಚಿತ್ರ, ಪೂರ್ತಿ ಕಪ್ಪು ಬಳಿದಿತ್ತು. ನಡುವೆ ಪುಟ್ಟ ವೃತ್ತದಲ್ಲಿ ಬರೀ ಕೊಕ್ಕು. ಮೇಲೆ ಅವಳೇ ಬರೆದ ಸಾಲು: ‘ನಮ್ಮ ಅಪ್ಪ ನೋಡಿದ್ದು ಇಷ್ಟೇ’.

ನಾನು ಪೂರ್ತಿ ಓದುವಷ್ಟರಲ್ಲಿ ಪರದೆ ಬಿಳಿಯಾಯಿತು.

“ಹೌದು ಸಾರ್,” ಎಂದಳು ಗುಬ್ಬಿ. “ಅಪ್ಪ ಹೇಳಿದ ಹಾಗೇ.”

“ಇನ್ನೊಂದು ಭಾಗ ಇದೆ ಅಂದಿದ್ದೆಯಲ್ಲಮ್ಮ?” ಎಂದರು ಮೇಷ್ಟ್ರು, ಮೆಲ್ಲಗೆ.

“ಇಲ್ಲ ಸಾರ್. ಇಷ್ಟೇ.”

ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವನೊಬ್ಬ ತಿರುಗಿ ನನಗೆ ಕೈ ಮುಗಿದ. ಪಕ್ಕದ ಕುರ್ಚಿಯ ಹೆಂಗಸು, “ನಿಮ್ಮಂಥವರು ಇರೋದ್ರಿಂದಲೇ ಮಕ್ಕಳು ಕಲಿಯೋದು,” ಎಂದರು. ನನಗೆ ಆ ಕುರ್ಚಿಯ ಕೆಳಗೆ ನುಸುಳಿ ಯಾರ ಕಣ್ಣಿಗೂ ಬೀಳದೆ ಮಾಯವಾದರೆ ಸಾಕಾಗಿತ್ತು. ಮೇಷ್ಟ್ರು ಅಭಿಪ್ರಾಯ ಹೇಳುವಾಗ ಗುಬ್ಬಿಯ ಮಾತು ಅರ್ಧಕ್ಕೇ ನಿಂತಂತಿದೆ, ಪ್ರಶ್ನೆ ಎತ್ತಿ ಉತ್ತರ ಕೊಡಲಿಲ್ಲ ಎಂದರು. ಅವಳು ತಲೆಯಾಡಿಸಿ ಒಪ್ಪಿಕೊಂಡಳು.

ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ನಿಂತಿದ್ದೆವು. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಚೀಲವನ್ನು ಎದೆಗೆ ಅವಚಿಕೊಂಡು ರಸ್ತೆ ನೋಡುತ್ತಿದ್ದಳು.

“ಮೂಲ ಸಿನಿಮಾ ನೋಡಿದ್ಯಾ?” ಎಂದೆ ಕೊನೆಗೆ.

“ಹೂಂ. ನೋಡಿದ ದಿನ ಬೇಜಾರಾಯ್ತು. ನಾನು ಕಟ್ಟಿದ್ದೆಲ್ಲ ಬಿದ್ದೋಯ್ತು ಅನ್ನಿಸ್ತು. ಆಮೇಲೆ ನೀನು ಊಟಕ್ಕೆ ಕೂತಾಗ ಬೆರಳು ಉಂಗುರ ಮಾಡಿ ತೋರಿಸಿದ್ದು ನೆನಪಾಯ್ತು. ಕೊಡೆ ಕಾಣದವನು ಕೊಡೆ ಬಗ್ಗೆ ಹೇಗೆ ಬರೀತಾನೆ? ನಿನ್ನ ತಪ್ಪೇನೂ ಇಲ್ಲ ಅನ್ನಿಸ್ತು. ಅದೇ ನನ್ನ ಕೊನೇ ಭಾಗ ಆಗಿತ್ತು, ಅಪ್ಪ. ಕೊಡೆ ಕಾಣದೇನೂ ನೀನು ಆ ಕೊಕ್ಕರೆಗೆ ಎಷ್ಟು ಪ್ರೀತಿ ತುಂಬಿದೆ ಅಂತ.”

“ಬಾ, ಈಗಲೇ ಹೋಗಿ ನಿಮ್ಮ ಮೇಷ್ಟ್ರಿಗೆ ನಿಜ ಹೇಳ್ಬಿಡ್ತೀನಿ. ನಿನ್ನ ಮಾರ್ಕ್ಸ್…”

“ಸಾರ್‌ಗೆ ಗೊತ್ತು. ಎಲ್ಲಾ ಮೊದಲೇ ಹೇಳಿದ್ದೆ. ಆ ಪ್ರಶ್ನೆ ನಾನೇ ಅವರ ಕೈಲಿ ಕೇಳಿಸಿದ್ದು. ನೀನು ಆ ವೃತ್ತದ ಕತೆ ಹೇಳಿದ್ರೆ ಎಲ್ರೂ ಚಪ್ಪಾಳೆ ಹೊಡೀತಾರೆ ಅಂದ್ಕೊಂಡಿದ್ದೆ.” ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹೊಡೆದ್ರಲ್ಲ, ಬಿಡು.”

ತಪ್ಪೊಪ್ಪಿಕೊಳ್ಳಲು ನನಗೆ ಯಾರೂ ಉಳಿದಿರಲಿಲ್ಲ. ಗೊತ್ತಾಗಬೇಕಾದ ಇಬ್ಬರಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದವರ ಮುಂದೆಯೇ ನಾನು ಎದ್ದು ನಿಂತು, ಕೊಡೆಯನ್ನು ಅಳೆದೆ ಎಂದು ಕೈ ಬೀಸಿ ಬೀಸಿ ಹೇಳಿದ್ದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಅವಳ ಅಮ್ಮ. ಸೆಮಿನಾರ್ ಹೇಗಾಯಿತೆಂದು ಕೇಳುತ್ತಿರುವುದು ನನಗೂ ಕೇಳಿಸಿತು.

“ಚೆನ್ನಾಗಾಯ್ತಮ್ಮ,” ಎಂದಳು ಗುಬ್ಬಿ. “ಅಪ್ಪ ತುಂಬಾ ಚೆನ್ನಾಗಿ ಮಾತಾಡಿದ್ರು. ಎಲ್ರೂ ಚಪ್ಪಾಳೆ ಹೊಡೆದ್ರು.”

ಅವಳ ದನಿಯಲ್ಲಿ ಒಂದಿಷ್ಟೂ ತಡವರಿಕೆ ಇರಲಿಲ್ಲ. ತನ್ನದಲ್ಲದ ಮಾತನ್ನು ಬಾಯಿಗೆ ಸರಿಯಾಗಿ ಕೂರಿಸುವ ವಿದ್ಯೆ ನನ್ನ ಕಸುಬು. ಅದನ್ನು ನಾನು ಅವಳಿಗೆ ಯಾವತ್ತೂ ಕಲಿಸಿರಲಿಲ್ಲ, ಆವತ್ತಿನವರೆಗೆ. ಬಸ್ಸು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟು ಕೂತಳು.