ಖಾಲಿ ಕಾಗದದ ತೂಕ

ತಕ್ಕಡಿ ರಿಪೇರಿಯ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ಕತೆಗಳಲ್ಲಿ ಇದು ತೀರ ಈಚಿನದು. ಇದರಲ್ಲಿ ರಾಜನಿಲ್ಲ, ರಾಕ್ಷಸನಿಲ್ಲ. ದೂರದ ಊರಿನ ಪ್ರೊಫೆಸರೊಬ್ಬರಿದ್ದಾರೆ, ಅಷ್ಟೆ. ಹೇಳುವವರು ಹುರುಪಿನಲ್ಲಿದ್ದರೆ ಹುಡುಗಿ ಕೆಲಸ ಕೇಳಿ ಬರೆದ ಕಾಗದಗಳ ಸಂಖ್ಯೆ ನೂರಕ್ಕೆ ಏರುವುದುಂಟು, ಆದರೆ ನಲವತ್ತೊಂದೆಂಬುದೇ ಸರಿಯಾದ ಪಾಠ. ಅವಳ ತಾಯಿಯೂ ಅದನ್ನೇ ಹೇಳುತ್ತಾರೆ.

ಹುಡುಗಿಯನ್ನು ಮನೆಯವರು ಕರೆಯುತ್ತಿದ್ದುದು ಗುಲಗಂಜಿ ಎಂದು. ಹುಟ್ಟಿದಾಗ ಅಂಗೈಯಗಲ ಇದ್ದ ಕೂಸನ್ನು ಸೋದರಮಾವ ಅಂಗಡಿಯ ತಕ್ಕಡಿಯಲ್ಲೇ ತೂಗಿ, ಮುಳ್ಳು ಅಲುಗಾಡಲು ಯೋಚಿಸಿದ್ದನ್ನು ಕಂಡು ಇಟ್ಟ ಹೆಸರದು. ಅವರ ಕುಲದವರೋ, ಎಲ್ಲರೂ ಒಟ್ಟಾಗಿ ಬಂದರೂ ಮದುವೆ ಮಂಟಪದ ಅರ್ಧ ಕುರ್ಚಿಗಳು ಖಾಲಿ ಉಳಿಯುವಷ್ಟು ಜನ. ಆ ಕುಲದಿಂದ ಪಿಎಚ್.ಡಿ. ತನಕ ಹೋದವಳು ಅವಳೊಬ್ಬಳೇ. ಗಾಳಿಯಲ್ಲಿ ತೇಲುವ ಧೂಳನ್ನು ತೆಳ್ಳನೆಯ ಫಿಲ್ಟರ್ ಕಾಗದದ ಮೇಲೆ ಹಿಡಿದು, ಹಿಡಿದದ್ದನ್ನು ತೂಗುವುದು ಅವಳ ವಿದ್ಯೆ. "ಸಕ್ಕರೆ ತೂಗೋ ತಕ್ಕಡಿಯೋರ ಮನೇಲಿ ಹುಟ್ಟಿ ಧೂಳು ತೂಗೋಕೆ ಹೋದಳು," ಎಂದು ತಾಯಿ ನೆಂಟರ ಮುಂದೆ ನಗುತ್ತಿದ್ದರು. ನಗುವಿನೊಳಗೆ ಹೆಮ್ಮೆ ಎಷ್ಟಿತ್ತೆಂದು ತೂಗಿದವರಿಲ್ಲ.

ಪಿಎಚ್.ಡಿ. ಮುಗಿದು ನಾಲ್ಕು ವರ್ಷ ತುಂಬುತ್ತ ಬಂದಿತ್ತು. ಗಂಟೆಯ ಲೆಕ್ಕದಲ್ಲಿ ಎರಡು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಳು. ಕಾಯಂ ಅಧ್ಯಾಪಕಿಯಾಗಬೇಕಾದರೆ ಮೊದಲು ಪೋಸ್ಟ್‌ಡಾಕ್ ಆಗಬೇಕಿತ್ತು. ಎಂದರೆ ಹೆಸರಾಂತ ಪ್ರಯೋಗಾಲಯವೊಂದರಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ ಕೈ ಪಳಗಿಸಿಕೊಳ್ಳಬೇಕಿತ್ತು.

"ಇಷ್ಟು ಓದಿದ ಮೇಲೂ ಪಳಗೋದು ಬಾಕಿ ಇದೆಯಾ?" ಎಂದು ಮಾವ ಕೇಳಿದ್ದರು.

"ನಿಮಗೆ ನಿಮ್ಮಪ್ಪ ಎಷ್ಟು ವರ್ಷ ಬರೀ ಹಿತ್ತಾಳೆ ಉಜ್ಜೋ ಅರ ಹಿಡಿಸಿ ಕೂರಿಸಿದ್ರು ಮಾವ?"

"ಒಂಬತ್ತು." ಮಾವ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಹುಡುಕಿದರೂ ಸಿಗದಷ್ಟು ಕಡಿಮೆಯಿರುವ ಸಮುದಾಯಗಳ ವಿದ್ವಾಂಸರಿಗೆಂದೇ ಒಂದು ಫೆಲೋಶಿಪ್ ಇತ್ತು. ಪಿಎಚ್.ಡಿ. ಮುಗಿದು ನಾಲ್ಕು ವರ್ಷದೊಳಗೆ ಅರ್ಜಿ ಹಾಕಬೇಕು, "ಇವರನ್ನು ನನ್ನ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುತ್ತೇನೆ" ಎಂದು ಯಾರಾದರೂ ಪ್ರೊಫೆಸರ್ ಬರೆದುಕೊಟ್ಟ ಒಪ್ಪಿಗೆ ಪತ್ರವನ್ನು ಲಗತ್ತಿಸಬೇಕು. ಶುಕ್ರವಾರ ಸಂಜೆ ಐದಕ್ಕೆ ಅವಧಿ ಮುಗಿಯುತ್ತಿತ್ತು. ಮುಂದಿನ ವರ್ಷಕ್ಕೆ ಅವಳ ನಾಲ್ಕು ವರ್ಷಗಳೇ ಮುಗಿದುಹೋಗುತ್ತಿದ್ದವು. ನಲವತ್ತೊಂದು ಪ್ರೊಫೆಸರರಿಗೆ ಬರೆದಿದ್ದಳು. ಇಬ್ಬರು ರಜೆಯಲ್ಲಿದ್ದೇವೆಂದು ಯಂತ್ರದ ಮೂಲಕ ತಿಳಿಸಿದ್ದು ಬಿಟ್ಟರೆ ಮಿಕ್ಕವರದು ಮೌನ.

ಆ ಶುಕ್ರವಾರಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾವ ತಕ್ಕಡಿಯ ಹಿತ್ತಾಳೆ ದಂಡವೊಂದನ್ನು ಉಜ್ಜುತ್ತ ಕೂತಿದ್ದಾಗ ಗುಲಗಂಜಿ ಲ್ಯಾಪ್‌ಟಾಪ್ ಹಿಡಿದು ಎದುರಿಗೆ ಕೂತಳು.

"ಅದೇನು ಬರೀತೀಯ, ಓದು ನೋಡೋಣ."

"ಮಾನ್ಯರೇ, ತಮ್ಮ ಅಮೋಘವೂ ವಿಶ್ವಮಾನ್ಯವೂ ಆದ ಸಂಶೋಧನೆಯಿಂದ ಸ್ಫೂರ್ತಿಗೊಂಡು..."

"ನಿಲ್ಲಿಸು ತಾಯಿ. ಇದು ಕೆಲಸ ಕೇಳೋ ಕಾಗದಾನೋ, ಸನ್ಮಾನ ಪತ್ರಾನೋ?"

"ಎಲ್ಲರೂ ಹೀಗೇ ಬರೀತಾರೆ ಮಾವ."

"ಎಲ್ಲರೂ ಅಂದ್ರೆ ಯಾರು?"

ಅಪ್ಪನೋ ಚಿಕ್ಕಮ್ಮನೋ ಪ್ರೊಫೆಸರಾಗಿದ್ದವರಿಗೆ ಇಂಥ ಕಾಗದ ಬರೆಯುವ ಬಗೆ ಊಟದ ಮೇಜಿನ ಮೇಲೇ ತಿಳಿದುಹೋಗುತ್ತಿತ್ತು. ಗುಲಗಂಜಿ ಮಾದರಿಯನ್ನು ಇಂಟರ್ನೆಟ್ಟಿನಿಂದ ಎತ್ತಿಕೊಂಡಿದ್ದಳು.

"ನಾನು ಯಾವತ್ತಾದ್ರೂ ಅಂಗಡಿಯವನ ಮುಂದೆ ನಿಂತು 'ಸ್ವಾಮಿ, ತಮ್ಮ ತಕ್ಕಡಿ ಅಮೋಘ' ಅಂದಿದ್ದು ಕೇಳಿದ್ದೀಯಾ? ಅಮೋಘವಾಗಿದ್ರೆ ನಾನ್ಯಾಕೆ ಬೇಕು ಅವನಿಗೆ? ಸುಮ್ಮನೆ ನಿಂತ್ಕೋ. ಅವನು ಮೂರು ಸಲ ತೂಗೋದು ನೋಡು. ಎಲ್ಲಿ ವಾಲುತ್ತೆ ಅಂತ ಹೇಳು. ಕೆಲಸ ಕೊಡಿ ಅಂತ ಮಾತ್ರ ಬಾಯಿ ಬಿಡಬೇಡ. ವಾಲಿರೋದು ಗೊತ್ತಾದ ಮೇಲೆ ಅವನೇ ಕರೀತಾನೆ."

ಕಸುಬಿನ ಇನ್ನೊಂದು ನಿಯಮವನ್ನು ಮಾವ ಹೇಳಲಿಲ್ಲ. ಆ ಮನೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ತಕ್ಕಡಿಯ ದೋಷವನ್ನು ಮಾಲೀಕನ ಕಿವಿಯಲ್ಲಿ ಹೇಳಬೇಕೇ ಹೊರತು ಗಿರಾಕಿಗಳ ಮುಂದೆ ಹೇಳಬಾರದು.

ಗುಲಗಂಜಿ ಅಂದೇ ನಲವತ್ತೊಂದು ಮಂದಿಯಲ್ಲಿ ಒಬ್ಬರ ಪ್ರಕಟಿತ ಲೇಖನವನ್ನು ತೆರೆದು, ಅಂಗಡಿಯ ಮುಂದೆ ನಿಂತವಳಂತೆ ನಿಂತಳು. ಲೇಖನದ ಹೂರಣವನ್ನು ಬಿಟ್ಟು ಕೊನೆಯ ಕೋಷ್ಟಕಕ್ಕೆ ಹೋದಳು. ಧೂಳು ಹಿಡಿಯದ, ಹೋಲಿಕೆಗೆಂದು ಇಟ್ಟ ಖಾಲಿ ಫಿಲ್ಟರ್ ಕಾಗದಗಳ ತೂಕ ಅಲ್ಲಿತ್ತು. ಖಾಲಿ ಕಾಗದದ ತೂಕ ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ ಇರಬೇಕು. ಇಲ್ಲಿ ಮಧ್ಯಾಹ್ನ ತೂಗಿದ ಸಾಲುಗಳೆಲ್ಲ ಕೂದಲೆಳೆಯಷ್ಟು ಮೇಲಕ್ಕೆ ಎದ್ದಿದ್ದವು. ಒಂದಲ್ಲ, ಎರಡಲ್ಲ, ಹದಿನೆಂಟು ಸಾಲು. ಅವಳು ಆರು ವಾಕ್ಯದ ಕಾಗದ ಬರೆದಳು: ತೂಕ ಏರಿದೆ, ಇಂತಿಂಥ ಸಾಲುಗಳಲ್ಲಿ ಏರಿದೆ, ಕೋಣೆಯ ತೇವಾಂಶ ಕಾರಣವಿರಬಹುದು. ಕೆಳಗೆ ಹೆಸರು, ಫೋನ್ ನಂಬರು ಹಾಕಿ, ಪ್ರಯೋಗಾಲಯದ ಜಾಲತಾಣದಲ್ಲಿದ್ದ ವಿಳಾಸಕ್ಕೆ ಕಳಿಸಿ, ಹಗುರವಾಗಿ ಎದ್ದು ಕೈಕಾಲು ತೊಳೆದಳು.

ಸೋಮವಾರ ಬೆಳಿಗ್ಗೆ ನಾಲ್ಕು ಉತ್ತರಗಳು ಬಂದಿದ್ದವು. ಒಂದೂ ಪ್ರೊಫೆಸರರದಲ್ಲ. "ನೀವು ಯಾರು?" ಎಂದು ಒಬ್ಬರು, "ಕೊನೆಗೂ ಯಾರೋ ಹೇಳಿದರಲ್ಲ" ಎಂದು ಇನ್ನೊಬ್ಬರು. ಆಗ ಅವಳಿಗೆ ಅರ್ಥವಾಯಿತು: ಅವಳು ಬರೆದದ್ದು ಪ್ರೊಫೆಸರರ ಸ್ವಂತ ವಿಳಾಸಕ್ಕಲ್ಲ, ಪ್ರಯೋಗಾಲಯದ ಎಲ್ಲರಿಗೂ ತಲುಪುವ ವಿಳಾಸಕ್ಕೆ.

"ಎಷ್ಟು ಜನಕ್ಕೆ ಹೋಯ್ತು?" ಮಾವ ಕೇಳಿದರು.

"ಅಲ್ಲಿರೋ ಎಲ್ಲರಿಗೂ."

"ಸಂತೆ ಮಧ್ಯೆ ನಿಂತು ಕೂಗಿದ ಹಾಗಾಯ್ತಲ್ಲೇ!" ಮಾವ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. "ನಮ್ಮ ಮುತ್ತಜ್ಜನ ಕಾಲದಿಂದ ಯಾರೂ ಮಾಡದ ಕೆಲಸ!"

"ಪಿಎಚ್.ಡೀನೂ ಯಾರೂ ಮಾಡಿರಲಿಲ್ಲ ಬಿಡಿ," ಎಂದರು ತಾಯಿ, ತೂಕದ ಕಲ್ಲುಗಳನ್ನು ಒರೆಸುತ್ತ.

ಪ್ರೊಫೆಸರರಿಂದ ಮಂಗಳವಾರವೂ ಸದ್ದಿಲ್ಲ. ಗುಲಗಂಜಿ ಸುಮ್ಮನಿರಲಾರದೆ ಅರ್ಜಿಯ ಮಿಕ್ಕ ಭಾಗಗಳನ್ನು ತುಂಬಿದಳು. ಒಂದು ಪ್ರಶ್ನೆಯ ಮುಂದೆ ಗಂಟೆಗಟ್ಟಲೆ ಕೂತಳು.

"ಏನಂತೆ ಅದು?"

"ನಿಮ್ಮ ಸಮುದಾಯದವರು ವಿಶ್ವವಿದ್ಯಾಲಯಗಳಲ್ಲಿ ಏಕೆ ಕಡಿಮೆ ಇದ್ದಾರೆ, ಇನ್ನೂರು ಪದಗಳಲ್ಲಿ ವಿವರಿಸಿ."

"ಅದನ್ನ ಹೊರಗಿರೋ ನಮ್ಮನ್ನ ಕೇಳಿದ್ರೆ? ಒಳಗಿರೋರನ್ನ ಕೇಳಲಿ," ಎಂದರು ಮಾವ. ಅವಳು ಆ ಮಾತನ್ನು ಕೊಂಚ ಮೃದು ಮಾಡಿ ಮೊದಲ ವಾಕ್ಯವಾಗಿಸಿದಳು. ಉಳಿದ ಪದಗಳು ತಾವಾಗಿ ಬಂದವು.

ಬುಧವಾರ ಮಧ್ಯಾಹ್ನ ಫೋನು ರಿಂಗಾಯಿತು. ತಕ್ಕಡಿಯ ಮೇಲೆ ಬಗ್ಗಿದ್ದ ಮಾವ ಬಗ್ಗಿದಲ್ಲೇ ಉಳಿದರು. ತಾಯಿ ಬಾಗಿಲಿಗೆ ಬಂದು ನಿಂತರು.

"ಖಾಲಿ ಕಾಗದದ ವಿಷಯ ಬರೆದವರು ನೀವೇನಾ?" ಹೆಂಗಸಿನ ದನಿ, ಗಡುಸು.

"ಹೌದು ಮೇಡಂ. ಕ್ಷಮಿಸಿ, ಅದು ಎಲ್ಲರಿಗೂ ಹೋಗುತ್ತೆ ಅಂತ ಗೊತ್ತಿರಲಿಲ್ಲ."

"ಇಪ್ಪತ್ತಮೂರು ಜನಕ್ಕೆ ಹೋಯ್ತು. ಎರಡು ದಿನದಿಂದ ಇಲ್ಲಿ ಒಬ್ಬರೂ ಕೆಲಸ ಮಾಡಿಲ್ಲ. ಟೀ ಕುಡಿಯೋಕೆ ಹೋದವರು ಅಲ್ಲೇ ನಿಂತು ಜಗಳ ಆಡ್ತಿದ್ದಾರೆ. ನೀವು ತೇವಾಂಶ ಅಂದಿದ್ರಿ. ಮೂರು ವರ್ಷದ ದಾಖಲೆ ತೆಗೆಸಿ ನೋಡಿದೆ. ಆ ಕೋಣೆಯ ತೇವಾಂಶ ಒಂದಿಷ್ಟೂ ಅಲುಗಿಲ್ಲ."

ಗುಲಗಂಜಿ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು.

"ಆದ್ರೆ ತೂಕ ಏರಿರೋದು ನಿಜ. ನಿನ್ನೆ ಹೊಸ ಕಾಗದ ತೂಗಿಸಿದೆ. ಮಧ್ಯಾಹ್ನ ಮತ್ತೆ ಏರಿತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಏನೇ ಇರಲಿ, ತಿಳಿಸಿದ್ದು ಒಳ್ಳೇದಾಯ್ತು. ಥ್ಯಾಂಕ್ಸ್. ಫೋನ್ ಇಡ್ಲಾ ಹಾಗಾದ್ರೆ?"

ಕತೆ ಹೇಳುವವರೆಲ್ಲ ಇಲ್ಲಿ ಒಂದು ಉಸಿರು ನಿಲ್ಲಿಸುತ್ತಾರೆ. ಅಂಗಡಿಯ ಮುಂದೆ ನಿಂತ ರಿಪೇರಿಯವನ ಹೆಗಲ ಚೀಲ ಮಾಲೀಕನಿಗೆ ಕಾಣುತ್ತದೆ. ಅವನೇಕೆ ನಿಂತಿದ್ದಾನೆಂದು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ಯಾವ ಚೀಲವೂ ಕಾಣುವುದಿಲ್ಲ. ಆರು ವಾಕ್ಯಗಳ ಕಾಗದದಲ್ಲಿ ತನಗೇನು ಬೇಕೆಂದು ಅವಳು ಬರೆದೇ ಇರಲಿಲ್ಲ. ಎದುರಿಗೆ ಕಣ್ಣರಳಿಸಿ ಕೂತಿದ್ದ ಮಾವನ ಕಡೆ ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು.

"ಒಂದು ನಿಮಿಷ ಮೇಡಂ. ನನಗೆ ಕೆಲಸ ಬೇಕು. ನಿಮ್ಮ ಹತ್ತಿರ ಪೋಸ್ಟ್‌ಡಾಕ್ ಮಾಡಬೇಕು."

"ಅದನ್ನ ಕಾಗದದಲ್ಲಿ ಯಾಕೆ ಬರೀಲಿಲ್ಲ?"

"ನಮ್ಮ ಮನೇಲಿ ಕೆಲಸ ಕೇಳೋ ಪದ್ಧತಿ ಇಲ್ಲ."

"ಇಲ್ಲಿ ಕೇಳದಿದ್ರೆ ಯಾರೂ ಕೊಡೋ ಪದ್ಧತಿ ಇಲ್ಲ."

"ಅದಕ್ಕೇ ಈಗ ಕೇಳ್ತಿದ್ದೀನಿ. ಮೊದಲೂ ಒಂದು ಬರೆದಿದ್ದೆ ಮೇಡಂ, 'ತಮ್ಮ ಅಮೋಘವಾದ' ಅಂತ."

"ಅಮೋಘ ಅಂತ ಶುರುವಾದ್ರೆ ನಾನು ಮುಂದೆ ಓದಲ್ಲ. ದಿನಕ್ಕೆ ಹತ್ತು ಬರುತ್ತೆ ಅಂಥವು. ಸಂಬಳ ಯಾರು ಕೊಡಬೇಕು?"

ಗುಲಗಂಜಿ ಫೆಲೋಶಿಪ್ಪಿನ ವಿಷಯವನ್ನೂ ಶುಕ್ರವಾರದ ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಶುಕ್ರವಾರ ಅಂದ್ರೆ ನಾಡಿದ್ದು!"

"ಐದು ಗಂಟೆಗೆ ಮೇಡಂ."

"ಅಲ್ಲಮ್ಮ, ನಿಮಗೆ ಕೇಳೋ ಪದ್ಧತಿ ಇಲ್ಲದೆ ಇದ್ದಿದ್ದೇ ಚೆನ್ನಾಗಿತ್ತು," ಎಂದು ದನಿ ಸಿಡುಕಿತು. ಆದರೆ ಫೋನು ಇಡುವ ಮುನ್ನ ಫೆಲೋಶಿಪ್ಪಿನ ಹೆಸರು ಬರೆದುಕೊಂಡಿತು.

"ಕೇಳಿಯೇಬಿಟ್ಟೆಯಲ್ಲ," ಎಂದರು ಮಾವ. ಅದು ದೂರೋ ಸಮಾಧಾನವೋ ತಿಳಿಯದಂತಿತ್ತು.

"ಕೇಳಿಬಿಟ್ಟೆ ಮಾವ."

"ಹೆದರಿಕೆ ಆಯ್ತಾ?"

"ಗೋಡೆ ಕಡೆ ಯಾಕೆ ತಿರುಗಿಕೊಂಡೆ ಅಂದ್ಕೊಂಡ್ರಿ?"

ಶುಕ್ರವಾರ ಮೂರೂವರೆಯಾದರೂ ಪತ್ರವಿಲ್ಲ. ನಾಲ್ಕಕ್ಕೆ ತಾಯಿ ಗಡಿಯಾರವನ್ನು ಗೋಡೆಯತ್ತ ತಿರುಗಿಸಿಟ್ಟರು. ನಾಲ್ಕೂ ಇಪ್ಪತ್ತಕ್ಕೆ ಬಂತು. ಗುಲಗಂಜಿ ಮೊದಲು ತನ್ನೊಳಗೇ ಓದಿ, ಆಮೇಲೆ ಗಟ್ಟಿಯಾಗಿ ಓದಿದಳು: "ಇವರು ನಮ್ಮ ತೂಕದಲ್ಲಿ ದೋಷವಿರುವುದನ್ನು ಕಂಡುಹಿಡಿದರು. ಅದಕ್ಕೆ ತಪ್ಪು ಕಾರಣವನ್ನು ಕೊಟ್ಟರು. ಸರಿಯಾದ ಕಾರಣ ಪತ್ತೆಯಾಗುವವರೆಗೆ ನನ್ನ ಪ್ರಯೋಗಾಲಯಕ್ಕೆ ಇವರ ಅಗತ್ಯವಿದೆ. ಎರಡು ವರ್ಷ ಸಾಕಾಗಲಾರದೆಂದು ನನ್ನ ಅಂದಾಜು; ಮೂರು ವರ್ಷಕ್ಕೆ ಶಿಫಾರಸು ಮಾಡುತ್ತೇನೆ."

"ಹೊಗಳಿದ್ರೋ, ಬೈದ್ರೋ?" ತಾಯಿ ಕೇಳಿದರು.

"ಕರೆದ್ರು ಅಮ್ಮ," ಎಂದಳು ಗುಲಗಂಜಿ. ಐದಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿ ಹೊರಟುಹೋಯಿತು.

ಫೆಲೋಶಿಪ್ ಸಿಕ್ಕಿದ್ದರಲ್ಲಿ ಪಾಠಾಂತರವಿಲ್ಲ. ಕಾಗದದ ತೂಕ ಏರುತ್ತಿದ್ದುದೇಕೆಂಬುದಕ್ಕೆ ಮಾತ್ರ ಹೇಳುವ ಒಬ್ಬೊಬ್ಬರಿಗೂ ಒಂದೊಂದು ಕಾರಣವಿದೆ: ಗೋಡೆಯಾಚೆಯ ಲಿಫ್ಟಿನ ಅದುರು ಎನ್ನುವವರೂ ಉಂಟು, ಊಟ ಮುಗಿಸಿ ಬಂದವರ ಕೈಗವಸಿನ ಜಿಡ್ಡು ಎನ್ನುವವರೂ ಉಂಟು. ಮಾವನಿಗೆ ಅದರ ಗೊಡವೆಯಿಲ್ಲ. ಈಗ ಕುಲದ ಹುಡುಗ ಹುಡುಗಿಯರು ಅರ್ಜಿ ತೋರಿಸಲು ಬರುವುದು ಅವರ ಅಂಗಡಿಗೇ. ಅವರು ಅರ ಕೆಳಗಿಟ್ಟು, ಕನ್ನಡಕ ಏರಿಸಿ, ಮೊದಲ ಪುಟವನ್ನು ನೋಡದೆ ಕೊನೆಯ ಪುಟ ತಿರುವುತ್ತಾರೆ.

"ಎಲ್ಲಾ ಸರಿ. ಕೆಲಸ ಕೊಡಿ ಅಂತ ಎಲ್ಲಿ ಕೇಳಿದ್ದೀಯಾ? ಇಲ್ವಾ? ಕೂತ್ಕೋ ಇಲ್ಲಿ. ಬರಿ."