ಹಾಲು ಕುಡಿಸಿದ ಹಿಟ್ಟು

ಹತ್ತೊಂಬತ್ತುನೂರ ಇಪ್ಪತ್ತಾರನೇ ಇಸವಿಯ ದೀಪಾವಳಿ ಮುಗಿದ ವಾರ ಖಾಸಬಾಗದ ಅಕ್ಕಾತಾಯಿ ಮಗಳಿಗೆಂದು ಮುಖಕ್ಕೆ ಹಚ್ಚುವ ಪುಡಿ ಮಾಡಿದಳು. ಹೆಸರುಬೇಳೆ, ಕಡಲೆಬೇಳೆ, ಒಣಗಿದ ಕಿತ್ತಳೆ ಸಿಪ್ಪೆ ಬೀಸಿ, ಕಾಸಿ ಆರಿಸಿದ ಹಾಲಿನಲ್ಲಿ ಕಲಸಿ, ತಾಟಿನಲ್ಲಿ ಹರವಿ ಬಿಸಿಲಿಗಿಟ್ಟಳು. ಒಣಗಿದ್ದನ್ನು ಕುಟ್ಟಿ ಸೋಸಿ ಮತ್ತೆ ಹಾಲು ಕುಡಿಸಿದಳು. ಹೀಗೆ ಮೂರು ಸಲ.

ಗಂಡನ ಮನೆಯಿದ್ದ ಖಾನಾಪುರದ ಚಳಿಗೆ ಮಗಳು ಶಾಂತಮ್ಮನ ಕೆನ್ನೆ ಒಡೆದು ರಕ್ತ ಜಿನುಗುತ್ತಿದೆಯೆಂದು ಸುದ್ದಿ ಬಂದಿತ್ತು. ಮದುವೆಯಾಗಿ ಆರು ತಿಂಗಳು. ಮುಖಕ್ಕೆ ಹಚ್ಚಲು ಹಾಲು ಬೇಕೆಂದು ಅತ್ತೆಯನ್ನು ಕೇಳುವ ಹುಡುಗಿ ಅವಳಲ್ಲ. ಹಾಲು ಪುಡಿಯೊಳಗೇ ಇದ್ದರೆ ನೀರು ಸಾಕು ಎಂಬುದು ತಾಯಿಯ ಎಣಿಕೆ. ಅಳಿಯ ಪದ್ಮಾಕರ ಪೇಟೆಗೆ ಬಂದಾಗ ಡಬ್ಬಿ ಅವನ ಕೈಗೆ ಕೊಟ್ಟಳು.

ಕೆಲವು ದಿನಕ್ಕೆ ಮಗಳ ಕಾಗದ ಬಂತು. ‘ಅವ್ವಾ, ಪುಡಿ ಅತ್ತಿಯವರು ಚೆಲ್ಲಿದರು. ನೀ ಸಿಟ್ಟಾಗಬ್ಯಾಡ.’ ಅಷ್ಟೇ.

ಮರುದಿನ ಬೆಳಗಿನ ಗಾಡಿಗೆ ಅಕ್ಕಾತಾಯಿ ಹೊರಟಳು. ಮುಖ ವಾಸಿಯಾಗುವ ತನಕ ಮಗಳನ್ನು ತವರಿನಲ್ಲಿಟ್ಟುಕೊಳ್ಳುವುದೆಂದು ಗಟ್ಟಿ ಮಾಡಿಕೊಂಡಿದ್ದಳು.

ಬೀಗತಿ ಜಿನ್ನವ್ವ ಬಾಗಿಲಲ್ಲೇ ಇದ್ದಳು. “ಬರ್ರಿ, ಕುಂದರ್ರಿ.”

“ಕುಂದರಾಕ ಬಂದಿಲ್ರಿ. ಮಗಳನ್ನ ಕರಕೊಂಡು ಹೋಗಾಕ ಬಂದೀನಿ. ನಾ ಮಾಡಿದ ಪುಡಿ ಚೆಲ್ಲಿದವರು ನೀವ ಅಲ್ಲೇನ್ರಿ?”

“ಹೌದ್ರಿ, ನಾನ. ಎಷ್ಟು ದಿನದ ಹಿಟ್ಟ್ರಿ ಅದು?”

ಅಕ್ಕಾತಾಯಿ ಬೆರಳು ಮಡಿಸಿ ಎಣಿಸಿದಳು. ಎರಡೂ ಜೈನರ ಮನೆಗಳು. ಎರಡರಲ್ಲೂ ನೇಮ ಒಂದೇ. ಮಳೆಗಾಲದಲ್ಲಿ ಹಿಟ್ಟಿಗೆ ಮೂರು ದಿನ, ಚಳಿಗಾಲದಲ್ಲಿ ಏಳು. ಅದು ದಾಟಿದರೆ ಹಿಟ್ಟಿನಲ್ಲಿ ಜೀವ ಹುಟ್ಟುತ್ತದೆ, ಮುಟ್ಟಬಾರದು. ಅವಳೂ ಅಡಿಗೆಮನೆಯಲ್ಲಿ ಇದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಆದರೆ ಈ ಪುಡಿಯನ್ನು ಅವಳು ಹಿಟ್ಟೆಂದು ಎಣಿಸಿರಲಿಲ್ಲ, ಔಷಧವೆಂದು ಎಣಿಸಿದ್ದಳು. ಬಿಸಿಲಲ್ಲಿ ಎಂಟು ದಿನ, ಅಳಿಯನ ದಾರಿ ಕಾಯುತ್ತ ಮತ್ತೆ ಎಂಟು.

“ತಿನ್ನೂದಲ್ಲಲ್ರಿ,” ಎಂದಳು ಮೆಲ್ಲಗೆ. “ಮಾರಿಗಿ ಹಚ್ಚೂದು.”

“ಮಾರಿಗಿ ತಿಕ್ಕಿದ್ರ ಹುಳ ಸಾಯಂಗಿಲ್ಲೇನ್ರಿ? ಮುಚ್ಚಳ ತಗದ ಕೂಡ್ಲೆ ಹುಳಿ ವಾಸನಿ. ಒಳಗ ನುಸಿ ಆಡತಿದ್ವು. ಹಿತ್ತಲದಾಗ ಗಿಡದ ನೆರಳಿಗೆ ಮೆಲ್ಲಕ ಸುರುವಿ ಬಂದೆ.” ಜಿನ್ನವ್ವ ನಕ್ಕಳು. “ಹುಳಕ್ಕ ಹಾಲೂಟ ಹಾಕೀರಿ. ಪುಣ್ಯ ನಿಮಗ ಬಂತು, ತಗೊರ್ರಿ.”

ಅಕ್ಕಾತಾಯಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಶಾಂತಮ್ಮ ಒಳಗಿನಿಂದ ಬಂದಳು. ಕೆನ್ನೆಯ ಬಿರುಕುಗಳು ಕೂಡಿದ್ದವು. ತೆಳ್ಳಗೆ ಹೊಸ ತೊಗಲು ಬಂದಿತ್ತು.

“ಕಾಗದ ಪುಡಿ ಚೆಲ್ಲಿದ ದಿನಾನ ಬರೆದಿದ್ದೆ ಅವ್ವಾ,” ಎಂದಳು ಮಗಳು. “ಮರುದಿನದಿಂದ ಅತ್ತಿಯವರು ದಿನಾ ಹೊಸದಾಗಿ ಬ್ಯಾಳಿ ಬೀಸಿ ಕೊಡಾಕ ಹತ್ಯಾರ.”

“ಹಾಲು?”

“ಕಾಸಿದ ಹಾಲಿನಾಗ ಒಂದು ಬಟ್ಟಲ ಇಕಿಗೇ ತಗದಿಡತೀನಿ,” ಎಂದಳು ಜಿನ್ನವ್ವ. “ಕೇಳಾಕ ಬಾಯಿಲ್ಲ ನಿಮ್ಮ ಮಗಳಿಗೆ. ಡಬ್ಬಿ ಮೂಸಿದಾಗ ತಿಳೀತು, ಹಾಲು ಯಾಕ ಒಳಗ ಹಾಕೀರಿ ಅಂತ. ಈಗ ಹೇಳ್ರಿ, ಕರಕೊಂಡು ಹೋಗತೀರೇನು?”

ಅಕ್ಕಾತಾಯಿ ಮಗಳತ್ತ ನೋಡಿದಳು. ಮಗಳು ಗಂಟು ಕಟ್ಟಲು ಒಳಗೆ ಹೋಗಲಿಲ್ಲ. ಅತ್ತೆಯ ಬಾಜುವಿಗೇ ನಿಂತಿದ್ದಳು.

“ಬೀಸೂಕಲ್ಲು ಎಲ್ಲೈತ್ರಿ?” ಎಂದಳು ಅಕ್ಕಾತಾಯಿ, ಸೆರಗು ಸಿಕ್ಕಿಸಿಕೊಳ್ಳುತ್ತ. “ಇವತ್ತಿಂದು ನಾ ಬೀಸತೀನಿ.”

ಜಿನ್ನವ್ವ ಬೇಳೆ ತಂದು ಕಲ್ಲಿನ ಬಾಯಿಗೆ ಸುರಿದಳು. “ಒಂದು ಮುಷ್ಟಿ ಸಾಕ್ರಿ. ನಾಳಿಂದು ನಾ ಬೀಸತೀನಿ.”